ಅಮಾನತ್ತಿನಲ್ಲಿದ್ದ ಮನೆ

ನನ್ನ ಸಿಟ್ಟಿನ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ. ಗದಗಿನ ಕಡೆಯ ನಮ್ಮ ಮನೆಯಲ್ಲಿ ನಾನು ಹುಟ್ಟಿನಲ್ಲಿ ಕೊನೆಯವಳು, ಬಾಯಲ್ಲಿ ಮೊದಲನೆಯವಳು. "ಈಕಿ ಮೊದಲ ಬಡೀತಾಳ, ಆಮ್ಯಾಲೆ ಯಾಕ ಬಡದೆ ಅಂತ ವಿಚಾರ ಮಾಡ್ತಾಳ" ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಬೆಂಗಳೂರಿಗೆ ಬಂದು ದೊಮ್ಮಲೂರಿನ ಒಂದು ಆಫೀಸಿನ ಸಿಬ್ಬಂದಿ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ, ಹಲಸೂರಿನ ಒಂದು ಮನೆಗೆ ಸೊಸೆಯಾದೆ, ಒಂದು ಮಗುವಿನ ತಾಯಿಯಾದೆ, ಗಂಡನನ್ನು ಕಳೆದುಕೊಂಡೆ. ಇಷ್ಟೆಲ್ಲ ಆದರೂ ಆ ಸ್ವಭಾವ ಮಾತ್ರ ಹೋಗಲಿಲ್ಲ. ಆ ಸಿಟ್ಟಿನಲ್ಲೇ ನಾನು ಒಬ್ಬ ದೊಡ್ಡ ಮನುಷ್ಯರನ್ನು ಕೋರ್ಟಿಗೆ ಎಳೆದೆ. ನನ್ನ ಮತ್ತು ಮಗಳ ತಲೆಯ ಮೇಲಿನ ಸೂರನ್ನು ಹಿಡಿದು ನಿಂತಿದ್ದವರು ಅವರೇ ಎಂದು ನನಗೆ ತಿಳಿದದ್ದು ನ್ಯಾಯಾಧೀಶರ ಮುಂದೆ ನಿಂತಾಗ.

ಅವರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ದಂಡು ಪ್ರದೇಶದಲ್ಲಿ ಮಾಸ್ಟರ್ ಎಂದರೆ ಶಾಲೆಯ ಮೇಷ್ಟರಲ್ಲ, ಕತ್ತರಿ ಹಿಡಿದು ಬಟ್ಟೆ ಕತ್ತರಿಸುವ ಟೈಲರ್. ಮನೆ ಶಿವಾಜಿನಗರ, ಅಂಗಡಿ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ. ಗಂಡಸರ ಕೋಟು ಬಿಟ್ಟು ಬೇರೇನನ್ನೂ ಹೊಲಿಯುತ್ತಿರಲಿಲ್ಲ. ಅಲ್ಲಿಂದ ಎರಡು ಬಾಗಿಲಾಚೆ ನನ್ನ ಮಾವನವರ ಅಂಗಡಿ. ಗುಂಡಿ, ನೂಲು, ಅಸ್ತರಿನ ಬಟ್ಟೆ ಮಾರುತ್ತಿದ್ದರು. ಕೋಟಿಗೆ ಯಾವ ಗುಂಡಿ ಒಪ್ಪುತ್ತದೆ ಎಂದು ಇಬ್ಬರೂ ಮೂವತ್ತು ವರ್ಷ ಜಗಳವಾಡಿದವರು. ಮಾವನವರದು ಹಲಸೂರಿನ ಕನ್ನಡ, ಮಾಸ್ಟರದು ಉರ್ದು ಬೆರೆತ ಕನ್ನಡ. ಜಗಳ ಜೋರಾದರೆ ಇಬ್ಬರೂ ತಮಿಳಿಗೆ ಇಳಿಯುತ್ತಿದ್ದರಂತೆ.

ನನ್ನ ಗಂಡನ ಎರಡೂ ಕಿಡ್ನಿ ಕೈಕೊಟ್ಟ ವರ್ಷ ಮಾವನವರು ಒಂದು ಟ್ರಸ್ಟ್ ಪತ್ರ ಬರೆಸಿದರು. ಮಗ ಉಳಿಯುವುದಿಲ್ಲ ಎಂಬುದು ಅವರಿಗೆ ನನಗಿಂತ ಮೊದಲು ಗೊತ್ತಾಗಿತ್ತು ಎಂದು ಈಗ ಅನ್ನಿಸುತ್ತದೆ. ಪತ್ರದಲ್ಲಿದ್ದುದು ಸರಳವಾದ ಮಾತು. ಹಲಸೂರಿನ ಮನೆ ಯಾರ ಸ್ವಂತವೂ ಅಲ್ಲ; ಮೊಮ್ಮಗಳಿಗೆ ಇಪ್ಪತ್ತೊಂದು ತುಂಬಿದ ದಿನ ಅದು ಅವಳದು. ಅಲ್ಲಿಯ ತನಕ ಅವಳೂ ಅವಳ ತಾಯಿಯೂ ಅದರಲ್ಲಿ ವಾಸವಿರಬೇಕು. ತಾಯಿಗೆ ಬದುಕಿರುವಷ್ಟು ದಿನವೂ ಅಲ್ಲಿಂದ ಏಳು ಎನ್ನುವಂತಿಲ್ಲ. ಮನೆಯನ್ನು ಕಾಯಲು ಇಬ್ಬರು ಟ್ರಸ್ಟಿಗಳು. ಒಬ್ಬರು ಮಾವನವರ ಹಿರಿಯ ಮಗ, ಎಂದರೆ ಕೆ.ಆರ್. ಪುರದಲ್ಲಿ ಸಂಸಾರ ಹೂಡಿದ್ದ ನನ್ನ ಭಾವ. ಇನ್ನೊಬ್ಬರು ಮಾಸ್ಟರ್. "ಒಬ್ಬ ಒಳಗಿನೋನು, ಒಬ್ಬ ಹೊರಗಿನೋನು. ಆಗ ಬಾಗ್ಲು ಸರಿಯಾಗಿ ಕಾಯ್ತಾರೆ" ಎಂದು ಮಾವನವರು ನನಗೆ ಹೇಳಿದ್ದರು.

ಸಹಿಯ ದಿನ ವಕೀಲರ ಕೋಣೆಯಲ್ಲಿ ನಾನೂ ಇದ್ದೆ. ಭಾವ ಮೊಬೈಲ್ ನೋಡುತ್ತಲೇ ಸಹಿ ಹಾಕಿ ಪೆನ್ನನ್ನು ಮುಂದೆ ತಳ್ಳಿದರು. ಮಾಸ್ಟರ್ ಪೆನ್ನು ಮುಟ್ಟಲಿಲ್ಲ.

"ಟ್ರಸ್ಟಿ ಏನೇನು ಮಾಡ್ಬಾರ್ದು, ಅದನ್ನ ಮೊದ್ಲು ಹೇಳಿ ಸಾರ್" ಎಂದರು.

ವಕೀಲರು ಬೆರಳು ಮಡಚುತ್ತ ಹೇಳಿದರು. ಮನೆಯನ್ನು ತಾನೇ ಕೊಳ್ಳುವಂತಿಲ್ಲ. ತನ್ನವರಿಗೆ ಬಾಡಿಗೆಗೆ ಕೊಡುವಂತಿಲ್ಲ. ಅದರಿಂದ ತನಗೆ ಒಂದು ಸಣ್ಣ ಅನುಕೂಲವನ್ನೂ ಮಾಡಿಕೊಳ್ಳುವಂತಿಲ್ಲ. ತನ್ನ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ. ಇಬ್ಬರಿದ್ದರೆ ಒಬ್ಬನೇ ಏನನ್ನೂ ತೀರ್ಮಾನಿಸುವಂತಿಲ್ಲ, ಎರಡೂ ಸಹಿ ಬೇಕು. ಒಮ್ಮೆ ಒಪ್ಪಿಕೊಂಡ ಮೇಲೆ ಬೇಜಾರಾಯಿತೆಂದು ಎದ್ದು ಹೋಗುವಂತಿಲ್ಲ. ಯಾರಿಗಾಗಿ ಕಾಯುತ್ತಾನೋ ಅವರು ಒಪ್ಪಬೇಕು, ಇಲ್ಲವೇ ಕೋರ್ಟು ಒಪ್ಪಬೇಕು.

"ಇಷ್ಟು 'ಬೇಡ' ಇರೋ ಕೆಲಸ ನಾನು ನೋಡೇ ಇಲ್ಲ" ಎಂದು ಮಾಸ್ಟರ್ ಹೇಳಿ, ಪತ್ರವನ್ನು ಇನ್ನೊಂದು ಸಲ ಓದಿಸಿಕೊಂಡು, ಆಮೇಲೆ ಸಹಿ ಹಾಕಿದರು. ಮಾವನವರ ಮುಖದಲ್ಲಿ ಅವತ್ತು ಕಂಡ ನಿರಾಳ ನನಗೆ ಇನ್ನೂ ನೆನಪಿದೆ.

ಒಂದೂವರೆ ವರ್ಷದೊಳಗೆ ಮಗ, ತಂದೆ ಇಬ್ಬರೂ ಹೋದರು. ಮಾಸ್ಟರ್ ಎರಡು ತಿಂಗಳಿಗೊಮ್ಮೆ ಬಂದು ಮನೆಯನ್ನು ಒಂದು ಸುತ್ತು ನೋಡುತ್ತಿದ್ದರು. ಗೋಡೆಯನ್ನು ಬೆರಳಿನಿಂದ ತಟ್ಟಿ, ಕಿಟಕಿಯ ಚಿಲಕ ಎಳೆದು, ನೀರಿನ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿ ಹೋಗುತ್ತಿದ್ದರು. ಮಾತು ಕಡಿಮೆ. ಒಮ್ಮೆ ಕೆಳಗಿನ ಎರಡು ಕೋಣೆ ಖಾಲಿಯಾದಾಗ, ಅವರ ಮಗಳು ಈ ಕಡೆಯೇ ಬಾಡಿಗೆ ಮನೆ ಹುಡುಕುತ್ತಿದ್ದಾಳೆ ಎಂದು ಕೇಳಿ, "ಇಲ್ಲೇ ಬಂದು ಇರಲಿ ಬಿಡ್ರಿ, ನನಗೂ ಜೊತೆ ಆಗತೈತಿ" ಎಂದೆ. ಅವರು ತಲೆ ಅಲ್ಲಾಡಿಸಿ, "ಅದಾಗಲ್ಲಮ್ಮ. ನಮ್ಮೋರಿಗೆ ಕೊಡಂಗಿಲ್ಲ" ಎಂದಷ್ಟೇ ಹೇಳಿ ಹೊರಟರು. ವಕೀಲರು ಹೇಳಿದ ನಿಯಮ ನನಗೆ ಮರೆತೇಹೋಗಿತ್ತು. ಬಾಯಿಬಿಟ್ಟು ಕರೆದರೂ ಬೇಡ ಅಂದರಲ್ಲ, ಎಷ್ಟು ಸೊಕ್ಕು ಎಂದುಕೊಂಡೆ. ಆಮೇಲೆ ಅವರು ಬಂದಾಗಲೆಲ್ಲ ನನ್ನ ಮುಖ ಸ್ವಲ್ಪ ಗಂಟಾಗಿಯೇ ಇರುತ್ತಿತ್ತು.

ಮಗಳಿಗೆ ಒಂಬತ್ತು ವರ್ಷವಾದಾಗ ಭಾವ ಒಂದು ಭಾನುವಾರ ಸಿಹಿ ತೆಗೆದುಕೊಂಡು ಬಂದರು. ಮೊದಲು ಮನೆಯ ಹಳೆಯತನದ ಬಗ್ಗೆ ಮಾತಾಡಿದರು, ಆಮೇಲೆ ಒಬ್ಬ ಬಿಲ್ಡರ್ ಬಗ್ಗೆ. ಈ ಮನೆ ಕೆಡವಿ ನಾಲ್ಕು ಅಂತಸ್ತು ಕಟ್ಟುತ್ತಾರಂತೆ. ನಮಗೊಂದು ಫ್ಲ್ಯಾಟ್, ಭಾವನಿಗೊಂದು ಫ್ಲ್ಯಾಟ್. ಕಟ್ಟಿ ಮುಗಿಯುವ ತನಕ ನಾನೂ ಮಗುವೂ ಎಲ್ಲಿರಬೇಕು ಎಂದು ಕೇಳಿದರೆ "ಎಲ್ಲಾದ್ರೂ ನೋಡಿದ್ರಾಯ್ತು" ಎಂದರು. ಟ್ರಸ್ಟಿ ತನಗೆ ಅನುಕೂಲ ಮಾಡಿಕೊಳ್ಳುವಂತಿಲ್ಲ ಎಂಬ ಮಾತು ಅವರಿಗೂ ಮರೆತಿತ್ತು, ಅಥವಾ ಅವತ್ತು ಮೊಬೈಲಿನಿಂದಾಗಿ ಕೇಳಿಸಿಯೇ ಇರಲಿಲ್ಲ. ನಾನು ಒಲ್ಲೆ ಎಂದೆ.

"ನೀವು ಒಲ್ಲೆ ಅಂದ್ರೆ ಆಗಲ್ಲ. ಎಲ್ಲಾ ಮಾಸ್ಟರ್ ಕೈಲಿದೆ. ಅವ್ರು ಮನಸ್ಸು ಮಾಡಿದ್ರೆ ನಿಮ್ಮನ್ನ ಇಲ್ಲಿಂದ ಎಬ್ಬಿಸ್ಬೋದು. ಮೊದ್ಲೇ ಒಪ್ಕೊಂಡ್ರೆ ಮರ್ಯಾದೆ" ಎಂದು ಹೇಳಿ ಸಿಹಿಯ ಡಬ್ಬಿ ಬಿಟ್ಟು ಹೋದರು.

ಹತ್ತು ದಿನಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಮಾಸ್ಟರ ಪತ್ರ ಬಂತು. ಅವರು ಶಿವಾಜಿನಗರದ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಏಳನೆಯ ತರಗತಿಯವರೆಗೆ ಓದಿದವರು. ಅಕ್ಷರ ದುಂಡಗೆ, ಹೊಲಿಗೆ ಹಾಕಿದಷ್ಟು ಸಾಲಾಗಿ ಇತ್ತು. ಆ ಪತ್ರ ನನ್ನ ಬಳಿ ಈಗಲೂ ಇದೆ, ಹಾಗಾಗಿ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

"ಅಮ್ಮನವರಿಗೆ ನಮಸ್ಕಾರ. ನಿಮ್ಮ ಭಾವನವರು ಮನೆಯನ್ನು ಬಿಲ್ಡರಿಗೆ ಕೊಡುವ ವಿಷಯವನ್ನು ನನ್ನ ಹತ್ತಿರ ಮಾತನಾಡಿದ್ದಾರೆ. ನೀವು ಮತ್ತು ಮಗು ಆ ಮನೆಯಲ್ಲಿ ವಾಸ ಮಾಡುವ ಹಕ್ಕು ಅಮಾನತ್ತಿನಲ್ಲಿ ಇದೆ. ನನ್ನ ಸಹಿ ಇಲ್ಲದೆ ಏನೂ ಆಗುವುದಿಲ್ಲ. ಇದನ್ನು ತಿಳಿದುಕೊಂಡು ಇರತಕ್ಕದ್ದು."

ಅಮಾನತ್ತು. ಆ ಮಾತು ನನಗೆ ಹೊಸದಲ್ಲ. ನಮ್ಮಪ್ಪ ಬಸ್ ಕಂಡಕ್ಟರ್. ನಾನು ಮೂರನೆಯ ತರಗತಿಯಲ್ಲಿದ್ದಾಗ ಯಾರೋ ಬರೆದ ದೂರಿನ ಮೇಲೆ ಅವರನ್ನು ಎಂಟು ತಿಂಗಳು ಅಮಾನತು ಮಾಡಿದ್ದರು. ಕೊನೆಗೆ ದೂರು ಸುಳ್ಳೆಂದಾಯಿತು, ಕೆಲಸ ವಾಪಸು ಬಂತು. ಆದರೆ ಆ ಎಂಟು ತಿಂಗಳು ಹಗಲು ಹನ್ನೊಂದು ಗಂಟೆಗೆ ಅಪ್ಪ ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದುದು, ಓಣಿಯಲ್ಲಿ ಹೋಗುವವರು ಅವರ ಕಡೆ ನೋಡದೆ ಹೋಗುತ್ತಿದ್ದುದು ನನ್ನ ಕಣ್ಣಲ್ಲಿ ಕೂತಿದೆ. ದೊಡ್ಡವಳಾಗಿ ನಾನು ಸೇರಿದ್ದೂ ಸಿಬ್ಬಂದಿ ವಿಭಾಗಕ್ಕೆ; ಯಾರನ್ನಾದರೂ ಸಸ್ಪೆಂಡ್ ಮಾಡುವ ಆದೇಶ ಟೈಪಾಗುವಾಗಲೆಲ್ಲ ನನಗೆ ಆ ಕಟ್ಟೆ ನೆನಪಾಗುತ್ತಿತ್ತು. ಈಗ ಒಬ್ಬ ಟೈಲರ್ ನನ್ನ ಮತ್ತು ನನ್ನ ಮಗಳ ಹಕ್ಕನ್ನು ಅಮಾನತಿನಲ್ಲಿಟ್ಟು, ನನ್ನ ಸಹಿ ಇಲ್ಲದೆ ಏನೂ ಆಗದು, ತಿಳಿದುಕೊಂಡು ಇರತಕ್ಕದ್ದು ಎಂದು ಅಂಚೆಯಲ್ಲಿ ಬೆದರಿಸುತ್ತಿದ್ದಾನೆ ಎಂದುಕೊಂಡೆ. ಹೌದು, ಆಗ ಏಕವಚನದಲ್ಲೇ ಅಂದುಕೊಂಡೆ.

ಒಂದು ಫೋನ್ ಮಾಡಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ಬರುತ್ತದೆ ಎಂದು ಜಂಬ ಇದ್ದವಳಿಗೆ ಇತ್ತು. ಮಾರನೆಯ ದಿನವೇ ರಜೆ ಹಾಕಿ ಇಂದಿರಾನಗರದ ಒಬ್ಬ ವಕೀಲೆಯ ಬಳಿ ಹೋದೆ. ಚುರುಕಾದ ಹೆಂಗಸು. ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಹಾಗಾಗಿ ಪತ್ರವನ್ನು ಇಂಗ್ಲಿಷಿಗೆ ಮಾಡಿಕೊಟ್ಟವಳು ನಾನೇ. ಹಕ್ಕನ್ನು ಸಸ್ಪೆಂಡ್ ಮಾಡಲಾಗಿದೆ ಎಂದು ಖಡಾಖಂಡಿತವಾಗಿ ಬರೆದುಕೊಟ್ಟೆ.

ವಕೀಲೆ ಓದಿ ಹುಬ್ಬೇರಿಸಿದರು. "ಟ್ರಸ್ಟಿಗೆ ಈ ಪವರ್ ಇಲ್ವೇ ಇಲ್ಲ. ಅವರನ್ನ ತೆಗೀರಿ ಅಂತ ಕೋರ್ಟಿಗೆ ಅರ್ಜಿ ಹಾಕ್ಬೋದು. ಆದ್ರೆ ಅವ್ರು ಹೋದ್ರೆ ಉಳಿಯೋದು ನಿಮ್ಮ ಭಾವ ಒಬ್ರೇ. ಯೋಚ್ನೆ ಮಾಡಿದ್ದೀರಾ?"

"ಆಮ್ಯಾಲೆ ಅವರನ್ನೂ ತಗಸೋಣ್ರಿ" ಎಂದೆ.

ಮೊದಲು ನೋಟಿಸ್ ಕಳಿಸೋಣ ಎಂದರು ಅವರು. ನೋಟಿಸಿಗೆ ಮಾಸ್ಟರಿಂದ ಹದಿನೈದು ದಿನದಲ್ಲಿ ಉತ್ತರ ಬಂತು. ಆರೋಪವೆಲ್ಲ ಸುಳ್ಳು ಎಂಬುದನ್ನಷ್ಟೇ ಕಾನೂನಿನ ಮಾತಲ್ಲಿ ಹೇಳುವ ಅವರ ವಕೀಲರ ಎರಡು ಪುಟದ ಇಂಗ್ಲಿಷಿನ ಜೊತೆಗೆ, ನನಗೆ ತಿಳಿಯಲಿ ಎಂದು ಅವರೇ ಬರೆದ ಕನ್ನಡದ ಒಂದು ಚೀಟಿ. ಅದರಲ್ಲಿ ಇದ್ದದ್ದು ಇಷ್ಟು: "ಮೊದಲು ಬರೆದ ಹಾಗೆ ನಿಮ್ಮ ಹಕ್ಕು ಅಮಾನತ್ತಿನಲ್ಲೇ ಇದೆ. ಮಗುವಿಗೆ ಇಪ್ಪತ್ತೊಂದು ತುಂಬುವವರೆಗೂ ಅಮಾನತ್ತಿನಲ್ಲೇ ಇರುತ್ತದೆ. ಇದರಲ್ಲಿ ಸಂಶಯ ಬೇಡ." ಇನ್ನು ಹನ್ನೆರಡು ವರ್ಷ ಸಸ್ಪೆನ್ಷನ್ನು! ಓದಿ ನನ್ನ ಮೈಯೆಲ್ಲ ಉರಿಯಿತು. ಅವತ್ತೇ ಅರ್ಜಿಗೆ ಸಹಿ ಹಾಕಿದೆ. ಸಿಟ್ಟಿನ ಭರದಲ್ಲಿ ಸಿಕ್ಕಿದ್ದನ್ನೆಲ್ಲ, ಭಾವ ಹೇಳಿದ ಬಿಲ್ಡರ್ ಮತ್ತು ಎರಡು ಫ್ಲ್ಯಾಟಿನ ವಿಷಯವನ್ನೂ, ಅದರೊಳಗೆ ತುರುಕಿಸಿದ್ದೆ. ಮಾಸ್ಟರ್ ಮನೆಯನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ, ತಾರಸಿ ಸೋರುತ್ತಿದೆ ಎಂದೂ ಬರೆಸಿದೆ. ತಾರಸಿ ಆ ಮಳೆಗಾಲದಲ್ಲಷ್ಟೇ ಸೋರತೊಡಗಿತ್ತು, ನಾನು ಅವರಿಗೆ ಹೇಳಿಯೂ ಇರಲಿಲ್ಲ.

ಅರ್ಜಿಯ ಪ್ರತಿ ಅವರಿಗೆ ತಲುಪಿದ ನಾಲ್ಕನೆಯ ದಿನ, ಶನಿವಾರ, ಗೇಟಿನ ಸದ್ದಾಯಿತು. ಹೊರಗೆ ಮಾಸ್ಟರ್, ಪಕ್ಕದಲ್ಲಿ ಸಿಮೆಂಟಿನ ಚೀಲ ಹೊತ್ತ ಗಾರೆಯವನು. ಸಣ್ಣಗೆ ಮಳೆ ಹನಿಯುತ್ತಿತ್ತು. ಅವರ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನನ್ನ ಅರ್ಜಿ.

"ಮೂರನೇ ಪೇಜಲ್ಲಿ ತಾರಸಿ ಸೋರ್ತಾ ಇದೆ ಅಂತ ಇದೆ" ಎಂದರು. "ನೀವು ಹೇಳಿರ್ಲಿಲ್ಲ. ನಂಗೂ ಹೋದ ಸಲ ಕಾಣ್ಲಿಲ್ಲ, ಅದು ನನ್ನ ತಪ್ಪು. ಎಲ್ಲಿ ಅಂತ ತೋರ್ಸಿ."

"ನಿಮ್ಮ ಮ್ಯಾಲೆ ಕೇಸ್ ಹಾಕೇನ್ರಿ, ಗೊತ್ತೈತಿಲ್ಲೋ?"

"ಗೊತ್ತು. ಕೇಸು ಅದರ ಪಾಡಿಗೆ ನಡೀಲಿ. ಮಳೆ ತಡೆಯಲ್ವಲ್ಲ."

ನಾನು ಗಾರೆಯವನನ್ನು ಮಾತ್ರ ಒಳಗೆ ಬಿಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಎಪ್ಪತ್ತರ ಹತ್ತಿರದ ಮನುಷ್ಯರನ್ನು ಮೂರು ಗಂಟೆ ಗೇಟಿನ ಹೊರಗೆ ಕೊಡೆ ಹಿಡಿದು ನಿಲ್ಲಿಸಿದೆ. ಅವರು ಅಲ್ಲಿಂದಲೇ ಕತ್ತೆತ್ತಿ, ಎಲ್ಲಿ ಬಿರುಕಿದೆ, ಎಷ್ಟು ಅಗಲ ಎಂದು ಗಾರೆಯವನನ್ನು ಕೇಳುತ್ತಿದ್ದರು. ಕೆಲಸ ಮುಗಿದ ಮೇಲೆ, ಒಂದು ವಾರ ಬಿಟ್ಟು ನೀರು ಹಾಕಿ ಪರೀಕ್ಷೆ ಮಾಡಲು ಹೇಳಿ ಹೋದರು. ಇದೆಲ್ಲ ಕೋರ್ಟಿಗೆ ತೋರಿಸಲು ಮಾಡುವ ನಾಟಕ ಎಂದು ವಕೀಲೆಗೆ ಫೋನ್ ಮಾಡಿ ಹೇಳಿದೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಕೋರ್ಟಿನಲ್ಲಿ ನಮ್ಮ ಸರದಿ ಬಂದ ದಿನ ಮೂವರೂ ಹಾಜರಿದ್ದೆವು. ಭಾವ ಬಿಳಿ ಅಂಗಿ ಹಾಕಿ ಬಂದಿದ್ದರು, ನನಗೆ ಬಹಳ ಗೌರವದಿಂದ ನಮಸ್ಕಾರ ಮಾಡಿದರು. ನಾನು ಮಾಸ್ಟರನ್ನು ತೆಗೆಸಲು ಹೊರಟಿದ್ದು ಅವರಿಗೆ ಎಷ್ಟು ಅನುಕೂಲ ಎಂದು ಆಗಲೂ ನನಗೆ ಹೊಳೆಯಲಿಲ್ಲ. ಮಾಸ್ಟರ್ ತಾವೇ ಹೊಲಿದ ಬೂದು ಬಣ್ಣದ ಕೋಟು ತೊಟ್ಟು ಕೈಕಟ್ಟಿ ನಿಂತಿದ್ದರು.

ನ್ಯಾಯಾಧೀಶರು ಅರ್ಜಿಯನ್ನು ಮೇಲೆ ಮೇಲೆ ನೋಡಿ, ಮಾಸ್ಟರ ಕಡೆ ತಿರುಗಿದರು. ದನಿ ಮೃದುವಾಗಿಯೇ ಇತ್ತು. "ನೋಡಿ, ನಿಮಗೆ ವಯಸ್ಸಾಗಿದೆ. ನೀವು ಈ ಕುಟುಂಬದವರೂ ಅಲ್ಲ. ಇವರಿಗೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಿದ್ದಾರೆ. ನೀವಾಗಿ ಬಿಡ್ತೀನಿ ಅಂದ್ರೆ ಇವರ ಒಪ್ಪಿಗೆ ಹೇಗೂ ಇದೆ, ಕೋರ್ಟೂ ಅನುಮತಿ ಕೊಡತ್ತೆ. ಆರೋಪದ ವಿಚಾರಣೆಯೇ ಬೇಡ, ಗೌರವವಾಗಿ ಹೋಗಬಹುದು. ಏನಂತೀರಿ?"

ಹೂಂ ಎನ್ನುತ್ತಾರೆ ಎಂದೇ ನಾನು ತಿಳಿದಿದ್ದೆ. ಮಾನ ಇದ್ದ ಯಾರೇ ಆದರೂ ಹಾಗೆಯೇ ಮಾಡುತ್ತಿದ್ದರು. ನಾನಾಗಿದ್ದರೆ ಕಾಗದವನ್ನು ಮೇಜಿನ ಮೇಲೆ ಬಿಸಾಕಿ ಬರುತ್ತಿದ್ದೆ.

ಮಾಸ್ಟರ್ ಕಟ್ಟಿದ್ದ ಕೈ ಬಿಡಿಸಿ ಮುಗಿದರು. "ಹೋಗ್ಬೇಕು ಅಂತ ನಂಗೂ ಆಸೆ ಇದೆ ಸ್ವಾಮಿ. ಈ ವಯಸ್ಸಲ್ಲಿ ಕಳ್ಳ ಅನ್ನಿಸ್ಕೊಂಡು ನಿಂತ್ಕೊಳ್ಳೋದು ಚೆನ್ನಾಗಿರಲ್ಲ. ಆದ್ರೆ ಈಗ ಮನೆಗೆ ಎರಡು ಸೈನ್ ಬೇಕು. ನಾನು ಹೋದ್ರೆ ಒಂದೇ ಸೈನ್ ಸಾಕು. ಎರಡು ಬೇಕು ಅನ್ನೋದಕ್ಕೇ ಆ ಮನೆ ಇನ್ನೂ ನಿಂತಿದೆ. ಈಯಮ್ಮ ನನ್ನ ಬೈಲಿ, ಪರವಾಗಿಲ್ಲ. ನಾನು ಬಿಡಲ್ಲ."

ಭಾವನ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ನಾನು ನೋಡಿದೆ. ಆದರೂ ನನ್ನ ತಲೆಯಲ್ಲಿ ಓಡಿದ್ದು, ಎಂಥ ನಾಚಿಕೆಗೆಟ್ಟ ಮುದುಕ ಎಂಬ ಮಾತೇ.

ನ್ಯಾಯಾಧೀಶರು ಮಾಸ್ಟರ್ ನನಗೆ ಬರೆದಿದ್ದ ಮೂಲ ಪತ್ರವನ್ನು ತರಿಸಿಕೊಂಡು ಓದಿದರು. ಅವರ ಹುಬ್ಬೂ ಗಂಟಿಕ್ಕಿತು. "ಮನೆ ಕಾಯೋದು ಅಂತೀರಿ, ಇಲ್ಲಿ ಇವರ ಹಕ್ಕನ್ನೇ ಅಮಾನತು ಮಾಡಿದ್ದೀರಿ ಅಲ್ಲ? ಯಾವ ಅಧಿಕಾರದಿಂದ?"

"ಅಮಾನತ್ ಮಾಡಿರೋದು ನಾನಲ್ಲ ಸ್ವಾಮಿ. ಇವ್ರ ಮಾವ. ನಾನು ಇಟ್ಕೊಂಡಿದೀನಿ."

"ಮಾವ ಸಸ್ಪೆಂಡ್ ಮಾಡಿದ್ರಾ?"

"ಸಸ್ಪೆಂಡಾ?" ಮಾಸ್ಟರ್ ತಮ್ಮ ವಕೀಲರ ಮುಖ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ನ್ಯಾಯಾಧೀಶರ ಕಡೆ ತಿರುಗಿದರು. "ಇಲ್ಲ ಸ್ವಾಮಿ. ಅಮಾನತ್. ಈಗ ನೀವು ಊರಿಗೆ ಹೋಗ್ತೀರ, ಮನೇಲಿರೋ ಒಡವೆ ಪಕ್ಕದ ಮನೆಯೋರ ಹತ್ರ ಕೊಟ್ಟು ಹೋಗ್ತೀರ. ಅದು ಅವ್ರ ಹತ್ರ ಅಮಾನತ್. ಅವ್ರು ಹಾಕ್ಕೊಳ್ಳಂಗಿಲ್ಲ, ಮಾರಂಗಿಲ್ಲ, ಅಳಿಯನಿಗೂ ತೋರ್ಸಂಗಿಲ್ಲ. ನೀವು ಬಂದು ಕೇಳಿದಾಗ ಹೇಗಿತ್ತೋ ಹಾಗೇ ವಾಪಸ್ ಕೊಡ್ಬೇಕು. ಇಲ್ಲಾಂದ್ರೆ ದೇವರ ಮುಂದೆ ಮುಖ ತೋರ್ಸಕ್ಕಾಗಲ್ಲ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಾತು ಇಲ್ಲ. ಕನ್ನಡದಲ್ಲೂ ಇದೇ ಪದ ಇದೆ ಅಂತ ಪೇಪರಲ್ಲಿ ನೋಡಿದ್ದೆ, ಅದಕ್ಕೇ ಬರೆದೆ. ಈಯಮ್ಮನಿಗೆ ಧೈರ್ಯ ಬರ್ಲಿ ಅಂತ."

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಳೆಯ ಕಂದಾಯದ ಕಡತಗಳಲ್ಲಿ ಅಮಾನತು ಎಂದರೆ ಠೇವಣಿ ಎಂಬ ಅರ್ಥವೂ ಇದೆ ಎಂದು, ಯಾರಿಗೂ ಅಲ್ಲದ ಹಾಗೆ ಹೇಳಿದರು. ಆಮೇಲೆ ನನ್ನ ಕಡೆ ನೋಡಿ, "ಪತ್ರ ಇನ್ನೊಂದ್ಸಲ ಓದಿ ನೋಡಮ್ಮ" ಎಂದರು.

ಓದಿದೆ. ಈಗ ಅದರ ಅರ್ಥ ಹೀಗಿತ್ತು: ನೀವು ಮತ್ತು ಮಗು ವಾಸ ಮಾಡುವ ಹಕ್ಕು ನನ್ನ ಬಳಿ ಭದ್ರವಾಗಿದೆ. ನಾನು ಸಹಿ ಹಾಕದೆ ನಿಮ್ಮನ್ನು ಯಾರೂ ಏನೂ ಮಾಡಲಾರರು. ನಿಶ್ಚಿಂತೆಯಿಂದ ಇರಿ. ಅದೇ ನಾಲ್ಕು ಸಾಲು. ಇಷ್ಟು ದಿನ ಬೆದರಿಕೆ ಎಂದು ಓದಿದ್ದು ಅಭಯವಾಗಿತ್ತು. ಕೋರ್ಟಿನ ನಡುವೆ ನಿಂತು ನನಗೆ ಅಳು ಬಂತು. ಅವಮಾನಕ್ಕೆ ಅರ್ಧ, ಅವರ ಮೇಲಿನ ಅಕ್ಕರೆಗೆ ಅರ್ಧ. ಅವರು ಐದು ನಿಮಿಷದ ಹಿಂದೆ, ನಾನು ನಿರೀಕ್ಷಿಸಿದ ಮಾನವಂತರಾಗಿ ಎದ್ದು ಹೋಗಿದ್ದರೆ, ಭಾವನ ಒಂದು ಸಹಿ ಸಾಕಾಗಿತ್ತು. ನನ್ನ ಕೈಯಾರೆ ನನ್ನ ಮಗಳನ್ನು ಬೀದಿಗೆ ತರುವ ಅರ್ಜಿಯನ್ನು ನಾನೇ ಹಾಕಿದ್ದೆ, ಅದರಿಂದ ನಮ್ಮನ್ನು ಕಾಪಾಡಿದವರು ಅದರಲ್ಲಿ ಆರೋಪಿಯಾಗಿದ್ದವರು.

ಅರ್ಜಿಯನ್ನು ವಾಪಸು ತೆಗೆದುಕೊಂಡೆವು. ಭಾವನಿಗೆ ನ್ಯಾಯಾಧೀಶರು ಒಂದೇ ಪ್ರಶ್ನೆ ಕೇಳಿದರು: ಬಿಲ್ಡರ್ ಕೊಡುವ ಎರಡನೆಯ ಫ್ಲ್ಯಾಟ್ ಯಾರ ಹೆಸರಿಗೆ? ಭಾವ ಬಿಳಿ ಅಂಗಿಯ ತೋಳು ಸರಿಮಾಡಿಕೊಂಡರು. ಬಿಲ್ಡರಿನ ಮಾತು ಅಲ್ಲಿಗೆ ಸತ್ತಿತು. ಅವರು ಈಗಲೂ ಟ್ರಸ್ಟಿ, ಹಬ್ಬಕ್ಕೆ ಬರುತ್ತಾರೆ, ಹೋಳಿಗೆ ಉಂಡು ಹೋಗುತ್ತಾರೆ. ಕೆಟ್ಟವರಲ್ಲ, ಆಸೆ ಪಡುವವರನ್ನು ಒಬ್ಬರನ್ನೇ ಬಿಡಬಾರದು, ಅಷ್ಟೇ.

ಹೊರಗೆ ಮೆಟ್ಟಿಲ ಮೇಲೆ ಮಾಸ್ಟರಿಗೆ ಕೈ ಮುಗಿದೆ. ಕ್ಷಮಿಸಿ ಎಂದರೆ ಸಾಲದು ಎಂದು ಗೊತ್ತಿತ್ತು. ಬೇಜಾರಾಯಿತೇ ಎಂದು ಕೇಳಿದೆ.

"ಆಯ್ತು" ಎಂದರು, ಸುತ್ತಿಬಳಸದೆ. "ಎರಡು ತಿಂಗಳು ನಿದ್ದೆ ಸರಿ ಇಲ್ಲ. ಆದ್ರೆ ನನ್ನ ಬೇಜಾರಿಗೂ ಮಗು ಮನೆಗೂ ಏನು ಸಂಬಂಧ?" ಎರಡು ಮೆಟ್ಟಿಲು ಇಳಿದು ಮತ್ತೆ ತಿರುಗಿದರು. "ನೀವು ಕೇಳಿದ್ದು ತಪ್ಪಲ್ಲಮ್ಮ. ಟ್ರಸ್ಟಿನ ಕೇಳ್ತಾನೇ ಇರ್ಬೇಕು. ಇನ್ಮೇಲೆ ಫೋನ್ ಮಾಡಿ ಕೇಳಿ, ಅಷ್ಟೇ."

ಅದರಂತೆ ಮಾಡಿದೆ. ಏಳು ವರ್ಷವಾಯಿತು. ನಾನು ಕೇಳದ ಪ್ರಶ್ನೆ ಇಲ್ಲ, ಅವರು ಉತ್ತರ ಕೊಡದ ದಿನ ಇಲ್ಲ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಎನ್ನುತ್ತಿದ್ದರು. ಮೂರನೆಯ ದಿನ ಹೇಳುತ್ತಿದ್ದರು. ಹಿತ್ತಲ ಗೋಡೆಯ ವಿಷಯದಲ್ಲಿ ನನಗೂ ಅವರಿಗೂ ಚೆನ್ನಾಗಿಯೇ ಜಗಳವಾಯಿತು. ನನಗೆ ಅದನ್ನು ಒಡೆದು ಸ್ಕೂಟರ್ ನಿಲ್ಲಿಸಲು ಜಾಗ ಮಾಡಬೇಕಿತ್ತು. ಮಗಳಿಗೆ ಕೊಡುವಾಗ ಮನೆ ಕುಗ್ಗಿರಬಾರದು ಎಂದು ಅವರು. ಅವರೇ ಗೆದ್ದರು. ಸ್ಕೂಟರ್ ಈಗಲೂ ರಸ್ತೆಯಲ್ಲೇ ನಿಲ್ಲುತ್ತದೆ, ನನ್ನ ಅಸಮಾಧಾನ ಇನ್ನೂ ಪೂರ್ತಿ ಹೋಗಿಲ್ಲ.

ಮಗಳಿಗೆ ಹದಿನಾರು ತುಂಬಿದ ಈ ವರ್ಷ ಅವರಿಂದ ಮತ್ತೊಂದು ಪತ್ರ ಬಂತು. ಅಕ್ಷರ ದುಂಡಗಿರಲಿಲ್ಲ, ಸಾಲುಗಳು ಕೆಳಗೆ ಜಾರಿದ್ದವು. ಟ್ರಸ್ಟಿಯ ಕೆಲಸದಿಂದ ಬಿಡುಗಡೆ ಬೇಕು, ಅದಕ್ಕೆ ನನ್ನ ಒಪ್ಪಿಗೆಯ ಸಹಿ ಬೇಕು ಎಂದಿತ್ತು. ಮಗಳು ಇನ್ನೂ ಚಿಕ್ಕವಳಾದ್ದರಿಂದ ಆಮೇಲೆ ಕೋರ್ಟಿನ ಅನುಮತಿಯನ್ನೂ ಕೇಳುತ್ತಾರಂತೆ. ತಮ್ಮ ಜಾಗಕ್ಕೆ ರಿಚರ್ಡ್ಸ್ ಟೌನಿನ ಒಬ್ಬ ನಿವೃತ್ತ ನರ್ಸಮ್ಮನನ್ನು ಹುಡುಕಿದ್ದೇನೆ, ಆಕೆ ನಮ್ಮ ಎರಡೂ ಮನೆಗೆ ಸಂಬಂಧವಿಲ್ಲದವರು, ಒಪ್ಪಿಕೊಳ್ಳುವ ಮೊದಲು ಏನೇನು ಮಾಡಬಾರದು ಎಂದು ಆಕೆ ತಾವಾಗಿಯೇ ಕೇಳಿದರು ಎಂದೂ ಬರೆದಿದ್ದರು.

ಏಳು ವರ್ಷದ ಹಿಂದೆ ಇದೇ ಬಿಡುಗಡೆಯನ್ನು ನಾನು ಸಿಟ್ಟಿನಿಂದ ಬಯಸಿ, ಖರ್ಚು ಮಾಡಿ, ಅರ್ಜಿ ಹಾಕಿ ಕೇಳಿದ್ದೆ. ಈಗ ಅವರೇ ಕೇಳುತ್ತಿದ್ದರೆ ನನ್ನ ಕೈ ಏಳಲಿಲ್ಲ. ಹನ್ನೊಂದು ದಿನ ಆ ಕಾಗದ ಮೇಜಿನ ಮೇಲೆ ಹಾಗೇ ಇತ್ತು. ಹನ್ನೆರಡನೆಯ ದಿನ ಅದನ್ನು ತೆಗೆದುಕೊಂಡು ಅವರ ಅಂಗಡಿಗೆ ಹೋದೆ, ಸಹಿ ಹಾಕಲಿಕ್ಕಲ್ಲ, ಜಗಳವಾಡಲಿಕ್ಕೆ.

ಮಧ್ಯಾಹ್ನದ ಹೊತ್ತು. ಅಂಗಡಿಯಲ್ಲಿ ಅವರೊಬ್ಬರೇ ಇದ್ದರು. ಮೆಷಿನ್ನಿಗೆ ಬಟ್ಟೆ ಹೊದಿಸಿತ್ತು.

"ಇನ್ನ ಐದು ವರ್ಷ ಅಷ್ಟ ಉಳದೈತ್ರಿ" ಎಂದೆ. "ಆಕಿ ಕೈಯಾಗ ಕೀಲಿ ಕೊಟ್ಟು ಹೋಗ್ರಿ. ನಾ ಸಹಿ ಹಾಕೂದಿಲ್ಲ."

"ಕಣ್ಣು ಕಾಣಲ್ಲಮ್ಮ. ಡಾಕ್ಟ್ರು ಇನ್ನು ಸರಿ ಹೋಗಲ್ಲ ಅಂದ್ರು."

"ನಾ ಓದಿ ಹೇಳ್ತೀನಲ್ರಿ."

"ನೀವು ಓದಿ ಹೇಳಿದ್ದಕ್ಕೆ ನಾನು ಸೈನ್ ಹಾಕಿದ್ರೆ, ಮನೆ ಕಾಯೋದು ನೀವೇ ಆಯ್ತಲ್ಲ. ನಿಮ್ಮ ಭಾವ ಓದಿ ಹೇಳಿದ್ರೆ ಅವ್ರು. ನನ್ನ ಮಗಳು ಓದಿದ್ರೆ ಅವ್ಳು." ಅವರು ಮೆಲ್ಲಗೆ, ಅಳತೆ ಹೇಳುವ ದನಿಯಲ್ಲೇ ಹೇಳಿದರು. "ಓದಕ್ಕಾಗದೇ ಇರೋ ಕಾಗದಕ್ಕೆ ಸೈನ್ ಹಾಕೋನು ಟ್ರಸ್ಟಿ ಅಲ್ಲಮ್ಮ. ಕಣ್ಣನ್ನ ಇನ್ನೊಬ್ರಿಗೆ ವಹಿಸಂಗಿಲ್ಲ."

ಜಗಳಕ್ಕೆ ಬಂದವಳು ಅವರ ಎದುರಿನ ಸ್ಟೂಲಿನ ಮೇಲೆ ಕೂತೆ.

"ಹೊಸಬರು ನಿಮ್ಮಂಗ ಇರದಿದ್ರ?" ಎಂದೆ ಕೊನೆಗೆ.

"ಕೋರ್ಟಿಗೆ ಹೋಗಿ. ನಿಮಗೆ ದಾರಿ ಗೊತ್ತಲ್ಲ."

ಅವರು ನಗಲಿಲ್ಲ, ನಿಜವಾಗಿಯೇ ಹೇಳಿದ್ದರು. ನಾನು ಕಾಗದವನ್ನು ಕತ್ತರಿಸುವ ಮೇಜಿನ ಮೇಲೆ ಹರವಿ ಸಹಿ ಹಾಕಿ ಅವರ ಮುಂದೆ ಇಟ್ಟೆ. ಅವರು ಅದನ್ನು ಎತ್ತಿ ಮುಖದ ಹತ್ತಿರ ತಂದು, ದೂರ ಹಿಡಿದು, ಬಾಗಿಲ ಬೆಳಕಿಗೆ ತಿರುಗಿಸಿ ನನ್ನ ಸಹಿಯನ್ನು ಹುಡುಕಿದರು. ಸಿಗಲಿಲ್ಲ. ನಾನು ಅವರ ಬೆರಳು ಹಿಡಿದು ಆ ಜಾಗದ ಮೇಲೆ ಇಟ್ಟೆ.